ಏಳು ಕಡೆ ಸೋರಿದ ಕಾರು

ಎಣ್ಣೆಯಿಂದಾಗಿ ನನ್ನ ಸಂಸಾರ ಒಡೆಯುವ ಹಂತಕ್ಕೆ ಬಂದಿತ್ತು ಎಂದರೆ ನೀವು ನನ್ನನ್ನು ಒಂದು ಥರಾ ನೋಡುತ್ತೀರಿ. ದಯವಿಟ್ಟು ಹಾಗೆ ನೋಡಬೇಡಿ. ನಾನು ಹೇಳುತ್ತಿರುವುದು ಕುಡಿಯುವ ಎಣ್ಣೆಯ ವಿಷಯವಲ್ಲ, ಇಂಜಿನ್ ಎಣ್ಣೆಯ ವಿಷಯ. (ಕುಡಿಯುವ ಎಣ್ಣೆಯಾಗಿದ್ದರೆ ನನ್ನ ಹೆಂಡತಿ ಉಷಾರಾಣಿ ಒಂದೇ ಸಂಜೆಯಲ್ಲಿ ತೀರ್ಮಾನ ಮಾಡಿಬಿಡುತ್ತಿದ್ದಳು. ಹೆಸರಿನಲ್ಲೇ ಉಷಾರು ಇಟ್ಟುಕೊಂಡು ಹುಟ್ಟಿದವಳು ಅವಳು.)

ನನ್ನ ಹೆಸರು ತಿಮ್ಮರಾಜು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಲೀಕ್ ಟೆಸ್ಟ್ ವಿಭಾಗದ ಇನ್ಸ್‌ಪೆಕ್ಟರ್. ಎರಕದ ಭಾಗಗಳಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸುವುದು, ಗುಳ್ಳೆ ಬಂದರೆ "ರಿಜೆಕ್ಟ್" ಎಂದು ಕೂಗುವುದು ನನ್ನ ಕೆಲಸ. ನನ್ನ ಕಣ್ಣು ತಪ್ಪಿಸಿ ಒಂದು ಗುಳ್ಳೆಯೂ ಆಚೆ ಹೋದದ್ದಿಲ್ಲ. ಆ ಹೆಮ್ಮೆಯೇ ನನಗೆ ಮುಳುವಾಯಿತು.

ಎರಡು ಸಾವಿರದ ನಾಲ್ಕನೇ ಇಸವಿ. ಬಾಗಲೂರಿನಲ್ಲಿರುವ ನನ್ನ ಮಾವ ರಾಮಕೃಷ್ಣಪ್ಪನವರ ದನದ ಕೊಟ್ಟಿಗೆಯಲ್ಲಿ ಐವತ್ತಾರನೇ ಇಸವಿಯ ಒಂದು ಕಾರು ಇಪ್ಪತ್ತು ವರ್ಷದಿಂದ ಹಸುಗಳ ಜೊತೆ ಸಹಬಾಳ್ವೆ ನಡೆಸುತ್ತಿತ್ತು. ದುಂಡು ದುಂಡು ದೀಪ, ಹಸಿರು ಮೈ, ಬೆಲ್ಲದಚ್ಚಿನಂಥ ಬೆನ್ನು. ಮಾವ ಮೆಕ್ಯಾನಿಕ್‌ನನ್ನು ಕರೆಸಿ ಅದಕ್ಕೆ ಜೀವವೇನೋ ಬರಿಸಿದರು. ಬಂದ ಜೀವ ನೇರವಾಗಿ ಅಂಗಳಕ್ಕೆ ಉರುಳಿ, ರಾಗಿ ಒಣಗಿಸಲೆಂದು ಹೊಸದಾಗಿ ಹಾಕಿಸಿದ್ದ ಸಿಮೆಂಟ್ ಕಣದ ಮೇಲೆ ತಟ್ಟೆಯಗಲ ಎಣ್ಣೆ ಸುರಿಸಿತು.

"ಇದರ ಸಾವಾಸ ಸಾಕು. ಶ್ಯಾಮಣ್ಣನಿಗೆ ಕೊಟ್ಬುಡ್ತೀನಿ," ಎಂದರು ಮಾವ.

ಶ್ಯಾಮಣ್ಣ ಎಂದರೆ ಉಷಾಳ ಸೋದರಮಾವ. ಕೃಷ್ಣಗಿರಿ ರಸ್ತೆಯಲ್ಲಿ ಹೋಟೆಲು ಇಟ್ಟಿದ್ದಾನೆ. ಕಾರನ್ನು ಹೋಟೆಲಿನ ಮುಂದೆ ನಿಲ್ಲಿಸಿ, ಇಂಜಿನ್ ಕಿತ್ತು, ಆ ಜಾಗದಲ್ಲಿ ಮಣ್ಣು ತುಂಬಿ ಚೆಂಡುಹೂವಿನ ಗಿಡ ನೆಡುವುದು ಅವನ ಯೋಜನೆ!

ನನ್ನ ರಕ್ತ ಕುದಿಯಿತು. ಎದ್ದು ನಿಂತೆ. "ಮಾವ, ಮೂರು ಭಾನುವಾರ ಕೊಡಿ. ಲೀಕ್ ಹಿಡಿಯೋದು ನನ್ನ ವೃತ್ತಿ!"

ಮಾವ ನನ್ನನ್ನು ಮೇಲಿಂದ ಕೆಳಗೆ ಅಳೆದರು. "ಆಯ್ತು ಅಳಿಯಂದ್ರೇ. ಮೂರನೇ ಭಾನುವಾರ ಗಾಡಿ ತಂದು ಇದೇ ಕಣದಾಗೆ ನಿಲ್ಸಿ. ನೀವು ವಾಪಸ್ ಹೊರಡೋಗಂಟ ಒಂದು ತೊಟ್ಟು ಎಣ್ಣೆ ಬೀಳದಿದ್ರೆ ಗಾಡಿ ನಿಮ್ದು. ಬಿದ್ರೆ ನಾನು ಯಾರಿಗೆ ಕೊಡ್ತೀನೋ ಅವರ್ದು."

ಹೀಗೆ ಆ ಕಾರು ಆಲಸನತ್ತಂನ ನಮ್ಮ ಬಾಡಿಗೆ ಮನೆಯ ಅಂಗಳಕ್ಕೆ ಚಿತ್ತೈಸಿತು. ಮಾಳಿಗೆಯಲ್ಲಿರುವ ಓನರ್ ಇಂದ್ರಮ್ಮ ಬಗ್ಗಿ ನೋಡಿ, "ಎನ್ನ ಸಾರ್ ಇದು? ನಾನು ಕೋಲಂ ಎಲ್ಲಿ ಹಾಕ್ಲಿ?" ಎಂದು ತಮಿಳು ಬೆರೆಸಿ ತಮ್ಮ ರಂಗೋಲಿಯ ಜಾಗ ಕೇಳಿದರು. ನಾನು ಅದಾಗಲೇ ಕಾರಿನ ಕೆಳಗಿದ್ದೆ.

ಮೊದಲ ಭಾನುವಾರ ಅರ್ಧ ಗಂಟೆಯಲ್ಲೇ ಸಿಕ್ಕಿಬಿಟ್ಟಿತು! ಇಂಜಿನ್ನಿನ ಪಕ್ಕದಲ್ಲಿ ಒಂದು ಕೊಳವೆ ಬಾಯಿ ತೆರೆದುಕೊಂಡು ಕೆಳಗೆ ಜೋತುಬಿದ್ದಿತ್ತು. ಅದರ ತುಟಿಯ ಮೇಲೆ ಎಣ್ಣೆಯ ಹನಿ!

"ಏ ಉಷಾ! ಸಿಕ್ತು! ಸಿಕ್ತು ಕಣೇ!"

ಉಷಾ ಕೈಯಲ್ಲಿ ಸೌಟು ಹಿಡಿದೇ ಓಡಿಬಂದಳು. "ಏನ್ರೀ ಸಿಕ್ತು?"

"ನೋಡು, ತೂತು! ಇಷ್ಟು ದೊಡ್ಡ ತೂತನ್ನ ಐವತ್ತು ವರ್ಷದಿಂದ ಯಾರೂ ಮುಚ್ಚಿಲ್ಲ!"

"ಕಾರು ಮಾಡಿದೋರು ಬೇಕೂಂತಲೇ ಬಿಟ್ಟಿರ್ಬೌದಲ್ವಾ?"

"ನಿನಗೆ ಗೊತ್ತಾಗಲ್ಲ, ಸುಮ್ನಿರು."

ಮರದ ಬೆಣೆ ಕೆತ್ತಿ ಹೊಡೆದೆ. ಮೇಲೆ ಅಂಟು ಮೆತ್ತಿದೆ, ಅದರ ಮೇಲೆ ರಬ್ಬರು ಸುತ್ತಿದೆ, ತಂತಿ ಬಿಗಿದೆ. ಆ ಕೊಳವೆ ಮತ್ತೆ ಬಾಯಿ ಬಿಡಲಿಲ್ಲ. ಕೆಲಸ ಮುಗಿಯಿತೆಂದು ಊರ ಸುತ್ತ ಒಂದು ರೌಂಡು ಹೊಡೆದು ಬಂದು ನಿಲ್ಲಿಸಿದೆ. ಬೆಳಗ್ಗೆ ನೋಡಿದರೆ ಕೆಳಗೆ ತಟ್ಟೆಯಲ್ಲ, ಹರಿವಾಣದಗಲ ಎಣ್ಣೆ.

ಆ ವಾರವೆಲ್ಲ ನನಗೆ ಜ್ವರ ಬಂದ ಹಾಗಿತ್ತು. ಸಂತೋಷದ ಜ್ವರ! ಶಿಫ್ಟ್ ಮುಗಿಸಿ ಬಂದವನೇ ಬಟ್ಟೆ ಕೂಡ ಬದಲಿಸದೆ ಕಾರಿನ ಕೆಳಗೆ ತೂರಿಕೊಳ್ಳುತ್ತಿದ್ದೆ. ಇಂಜಿನ್ನಿನ ಮೇಲ್ಮುಚ್ಚಳದ ಗ್ಯಾಸ್ಕೆಟ್ ಹೊಸದು ಹಾಕಿದೆ. "ಉಷಾ, ಸಿಕ್ತು!" ಮರುದಿನ ಪಕ್ಕದ ಮುಚ್ಚಳದಿಂದ ಬಂತು. ಅದನ್ನೂ ಬದಲಿಸಿದೆ. "ಈಗ ಖಂಡಿತ ಸಿಕ್ತು!" ಮರುದಿನ ತಳದ ಎಣ್ಣೆತೊಟ್ಟಿಯಿಂದ ಬಂತು. ನಾಲ್ಕನೇ ಸಲ ನಾನು "ಸಿಕ್ತು" ಎಂದಾಗ ಉಷಾ ಅಡುಗೆಮನೆಯಿಂದ ಕದಲಲಿಲ್ಲ. "ಸಿಕ್ಕಿದ್ದನ್ನ ಅಲ್ಲೇ ಇಟ್ಕೊಳ್ಳಿ, ಒಳಗೆ ತರಬೇಡಿ," ಎಂಬ ಅಶರೀರವಾಣಿ ಮಾತ್ರ ಕೇಳಿಸಿತು.

ಎರಡನೇ ಭಾನುವಾರ ವೈಜ್ಞಾನಿಕ ವಿಧಾನಕ್ಕೆ ಕೈ ಹಾಕಿದೆ. ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಮೈತುಂಬ ಪೌಡರು ಉದುರಿಸಿ ಸ್ಟಾರ್ಟ್ ಮಾಡಿದರೆ, ಎಣ್ಣೆ ಬರುವ ಜಾಗದಲ್ಲಿ ಕಪ್ಪು ಗೆರೆ ಮೂಡುತ್ತದೆ. ಪೌಡರು ಎಲ್ಲಿಂದ ಬಂತು ಎಂದು ಕೇಳಬೇಡಿ. ಉಷಾ ಕೇಳಿಯೇ ಕೇಳಿದಳು.

"ಮೊನ್ನೆ ತಂದ ಡಬ್ಬಿ ಕಣ್ರೀ! ನನ್ನ ಮುಖಕ್ಕೆ ಒಂದ್ಸಲಾನೂ ಮುಟ್ಟಿಸಿಲ್ಲ!"

"ನಿನ್ನ ಮುಖಕ್ಕೆ ಪೌಡರು ಯಾಕೆ ಬೇಕು ಹೇಳು?" ಎಂದು ಜಾಣತನ ತೋರಿದೆ.

"ಬಣ್ಣದ ಮಾತು ಬ್ಯಾಡ. ಆಯಮ್ಮನ ಮುಖಕ್ಕೆ ಹಾಕಿದ್ದೀರಲ್ಲ, ಆಯಮ್ಮನ ಕೈಲೇ ಊಟ ಬಡಿಸ್ಕೊಳ್ಳಿ!"

ಆದರೆ ಸ್ಟಾರ್ಟ್ ಮಾಡಿದ ಮೇಲೆ ಅವಳೂ ಬಂದು ಪಕ್ಕದಲ್ಲಿ ನಿಂತಳು. ಬೆಳ್ಳಗೆ ಮೇಕಪ್ಪು ಮಾಡಿಕೊಂಡ ನಾಟಕದ ರಾಜನಂತೆ ಇಂಜಿನ್ನು ಗಡಗಡಿಸುತ್ತಿತ್ತು. ಹತ್ತು ನಿಮಿಷವಾಯಿತು. ಒಂದು ಕಪ್ಪು ಗೆರೆ ಮೂಡಿತು. ಆಮೇಲೆ ಇನ್ನೊಂದು. ನೋಡನೋಡುತ್ತ ಏಳು ಕಡೆಯಿಂದ ಏಳು ನದಿಗಳು ಹರಿದವು. ಎಣ್ಣೆಯ ಮಟ್ಟ ನೋಡುವ ಅಳತೆಕಡ್ಡಿ ತೂರಿಸುವ ತೂತಿನಿಂದಲೂ ಎಣ್ಣೆ ಕಾರುತ್ತಿತ್ತು! ನಾನು ಹನ್ನೊಂದು ವರ್ಷದ ಸರ್ವಿಸಿನಲ್ಲಿ ಇಂಥ ಲೀಕು ಕಂಡಿರಲಿಲ್ಲ. ಕುಣಿಯಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಮೂರನೇ ಭಾನುವಾರ ಬೆಳಗ್ಗೆ ಹತ್ತು ಗಂಟೆ. ಏಳಕ್ಕೆ ಏಳೂ ಗ್ಯಾಸ್ಕೆಟ್ ಹೊಸದು, ಏಳಕ್ಕೆ ಏಳೂ ಕಡೆ ಸೋರಿಕೆ. ಶ್ಯಾಮಣ್ಣ ಅಲ್ಲಿ ಚೆಂಡುಹೂವಿನ ಸಸಿ ತಂದಿಟ್ಟಿದ್ದಾನಂತೆ. ನಾನು ತಲೆಯ ಮೇಲೆ ಕೈ ಹೊತ್ತು ಬಂಪರ್ ಮೇಲೆ ಕುಳಿತೆ. ಇಂಜಿನ್ನು ಓಡುತ್ತಲೇ ಇತ್ತು.

ಉಷಾ ಬಂದು, ಎಣ್ಣೆ ಹೊಯ್ಯುವ ಮುಚ್ಚಳವನ್ನು ಸೆರಗಿನಲ್ಲಿ ಹಿಡಿದು ತಿರುಗಿಸಿದಳು. ಮುಚ್ಚಳ 'ಫಟ್' ಎಂದು ಹಾರಿ, ಹೊಗೆ 'ಬುಸ್' ಎಂದು ಎದ್ದಿತು.

"ರೀ, ಒಳಗೆ ಗಾಳಿ ತುಂಬ್ಕೊಂಡೈತೆ ಕಣ್ರೀ! ಕುಕ್ಕರ್ ವಿಷಲ್ ಕಟ್ಕೊಂಡ್ರೆ ಗ್ಯಾಸ್ಕೆಟ್ ಪಕ್ಕದಿಂದ ಬುಸಬುಸ ಅಂತ ನೀರು ಬತ್ತದಲ್ಲ, ಹಂಗೇ. ಇದು ಉಸಿರು ಬಿಡೋ ದಾರಿ ಯಾವ್ದು?"

ನನ್ನ ಕಣ್ಣು ತಾನಾಗಿಯೇ ಆ ಬೆಣೆ, ಅಂಟು, ರಬ್ಬರು, ತಂತಿಯ ಕಡೆ ಹೊರಳಿತು. ಅವಳೂ ನೋಡಿದಳು. (ಹನ್ನೊಂದು ವರ್ಷ ಗಾಳಿ ತುಂಬಿ ತುಂಬಿ ಲೀಕು ಹುಡುಕಿದವನು ನಾನು. ಅದೇ ಗಾಳಿಯನ್ನು ನಾನೇ ಕಾರಿನ ಹೊಟ್ಟೆಯಲ್ಲಿ ಕೂಡಿಹಾಕಿದ್ದೆ!)

"ಮೂಗು ಮುಚ್ಚಿಬುಟ್ಟಿದ್ದೀರಾ ಅದಕ್ಕೆ!"

ಇಂಜಿನ್ ನಿಲ್ಲಿಸಿ ಬೆಣೆ ಕಿತ್ತಳು. ತಂತಿಯೊಂದನ್ನು ಒಳಗೆ ಆಡಿಸಿದಳು. ಕೊಳವೆಯಿಂದ ಹೆಬ್ಬೆರಳು ಗಾತ್ರದ ಮಣ್ಣಿನ ಹೆಂಟೆ ಉದುರಿತು. ಕಡಜದ ಗೂಡು! ಕೊಟ್ಟಿಗೆಯಲ್ಲಿ ಕಡಜಗಳು ಅರ್ಧ ಕಟ್ಟಿದ್ದ ಮೂಗನ್ನು ನಾನು ಪೂರ್ತಿ ಕಟ್ಟಿದ್ದೆ. ಮತ್ತೆ ಒರೆಸಿ, ಉಳಿದ ಪೌಡರು ಉದುರಿಸಿ, ಸ್ಟಾರ್ಟ್ ಮಾಡಿದೆವು. ಐದು ನಿಮಿಷ, ಹತ್ತು, ಇಪ್ಪತ್ತು. ಇಂಜಿನ್ನು ಬೆಳ್ಳಗೇ ಉಳಿಯಿತು! ನಾನು ಇಂದ್ರಮ್ಮನವರ ಎದುರಿಗೇ ಉಷಾಳನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ.

ಮಧ್ಯಾಹ್ನ ಬಾಗಲೂರಿನ ಕಣದಲ್ಲಿ ಮಾವ ತಮ್ಮ ಬಿಳಿ ಪಂಚೆಯನ್ನೇ ಕಾರಿನ ಕೆಳಗೆ ಹಾಸಿದರು. ನೆಂಟರೆಲ್ಲ ಕುಕ್ಕರುಗಾಲಲ್ಲಿ ಕೂತು ಕಾದರು. ಒಂದು ಗಂಟೆಯಾದ ಮೇಲೆ ಎಳೆದು ನೋಡಿದರೆ ಪಂಚೆ ಹಾಲಿನಂತಿತ್ತು. ಶ್ಯಾಮಣ್ಣ ನಿಟ್ಟುಸಿರುಬಿಟ್ಟ.

ನಾನು ಕಣದ ನಡುವೆ ಕುರ್ಚಿ ಹಾಕಿಸಿಕೊಂಡು ಕುಳಿತು, ಗಾಳಿಯ ಒತ್ತಡದ ಬಗ್ಗೆ ಸುದೀರ್ಘ ಉಪನ್ಯಾಸ ಕೊಟ್ಟೆ. "ನನಗೆ ಮೊದಲೇ ಅನುಮಾನ ಇತ್ತು," ಎಂದೂ ಸೇರಿಸಿದೆ. ಉಷಾ ಕಾಫಿ ಕುಡಿಯುತ್ತ ನನ್ನನ್ನೇ ನೋಡುತ್ತಿದ್ದಳು.

ಉಪನ್ಯಾಸ ಮುಗಿಸಿ, ಬಂದ ಕೂಡಲೇ ಮಾವ ಇಸಿದುಕೊಂಡಿದ್ದ ಕೀಲಿಕೈಗಾಗಿ ಕೈ ಚಾಚುತ್ತ ಎದ್ದೆ. ಅತ್ತೆ ಬೈರಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಅಳಿಯಂದ್ರೇ... ಹಿಂದೆ!"

ತಿರುಗಿ ನೋಡಿದೆ. ಕುರ್ಚಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕಣದ ಮೇಲೆ ಅಂಗೈಯಗಲ ಕಪ್ಪು ಮಡು! ದಾರಿಯಲ್ಲಿ ಎಣ್ಣೆ ಕಡಿಮೆಯಾದರೆ ಇರಲಿ ಎಂದು ಸಣ್ಣ ಶೀಷೆಯಲ್ಲಿ ತುಂಬಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡಿದ್ದೆ. ಉಪನ್ಯಾಸದ ಭರಕ್ಕೆ ಅದರ ಮುಚ್ಚಳ ಸಡಿಲವಾಗಿತ್ತು.

ಮಾವ ಬಗ್ಗಿ, ಬೆರಳಿನಿಂದ ಮುಟ್ಟಿ, ಮೂಸಿ ನೋಡಿ ತೀರ್ಪು ಕೊಟ್ಟರು. "ಗಾಡಿ ಪಾಸು. ಅಳಿಯಂದ್ರು ರಿಜೆಕ್ಟು." ಆಮೇಲೆ ಮಗಳ ಕಡೆ ತಿರುಗಿದರು. "ನಿಜ ಹೇಳಮ್ಮಿ, ರಿಪೇರಿ ಮಾಡಿದ್ದು ಯಾರು?"

ಉಷಾ ಕಾಫಿ ಲೋಟ ಕೆಳಗಿಟ್ಟು ನಕ್ಕಳು. ಅಷ್ಟೇ ಸಾಕಾಯಿತು. ಕೀಲಿಕೈ ನನ್ನ ಚಾಚಿದ ಕೈಯನ್ನು ದಾಟಿಕೊಂಡು ಹೋಗಿ ಅವಳ ಕೈ ಸೇರಿತು.

ಹೊರಡುವಾಗ ಅವಳೇ ಸ್ಟಿಯರಿಂಗ್ ಹಿಡಿದಳು. ಅಪ್ಪನ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು, ಲೈಸೆನ್ಸನ್ನೂ ನನಗಿಂತ ಮೊದಲೇ ತೆಗೆದವಳು. ನನ್ನನ್ನು ಹಿಂದಿನ ಸೀಟಿಗೆ ಹತ್ತಿಸಿದರು.

"ಹಿಂದಿರೋ ಲೋಡು ಭದ್ರವಾಗೈತಾ ಮಗಾ?" ಎಂದು ಮಾವ ಕೂಗಿದರು.

"ಗೋಣಿಚೀಲದ ಮೇಲೆ ಕೂರ್ಸಿದ್ದೀನಿ ಅಪ್ಪಾ," ಎಂದು ಉಷಾ ಗೇರು ಹಾಕಿದಳು. "ಎಷ್ಟು ಸೋರಿದ್ರೂ ನನ್ನ ಸೀಟಿಗೇನೂ ಆಗಾಕಿಲ್ಲ!"