ಹೂದೋಟದ ಎಡೆ

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ರಾಮಾಂಜಿನಪ್ಪನಿಗೆ ಮಾಗಡಿ ಬಸ್ಸು ತಪ್ಪಿದ್ದೇ ಎಲ್ಲ ಅನಾಹುತಕ್ಕೂ ಮೂಲ. ತಪ್ಪಿತು ಅನ್ನುವುದಕ್ಕಿಂತ ಬಸ್ಸೇ ಅವನನ್ನು ಉದುರಿಸಿ ಹೋಯಿತು ಅನ್ನಬೇಕು. ಹಿರಿಯರಿಗೆ ಎಡೆ ಇಡಲು ಊರಿಗೆ ಹೊರಟ ಅರ್ಧ ಬೆಂಗಳೂರು ಅದರ ಬಾಗಿಲಲ್ಲಿ ಜೋತಾಡುತ್ತಿತ್ತು. ಒಂದು ಚಪ್ಪಲಿ ಮಾಗಡಿಗೆ ಹೋಯಿತು. ಇನ್ನೊಂದನ್ನು ಕೈಯಲ್ಲಿ ಹಿಡಿದು, ಊರಲ್ಲಿ ತಮ್ಮನಿದ್ದಾನೆ, ಎಡೆ ಇಡುತ್ತಾನೆ ಎಂದು ಸಮಾಧಾನ ಮಾಡಿಕೊಳ್ಳುತ್ತ ರಾಮಾಂಜಿನಪ್ಪ ಕುಂಟಿಕೊಂಡು ಮನೆಗೆ ಬಂದ.

"ಈಗ್ಯಾಕ್ರೀ ಬಂದ್ಬಿಟ್ರಿ?" ಎಂದಳು ಹೆಂಡತಿ ಸರಸ್ವತಮ್ಮ. ಗಂಡನ ಕಾಲಿಗಿಂತ ಗಡಿಯಾರವನ್ನೇ ಹೆಚ್ಚು ನೋಡಿ, ವಡೆ ಹಿಟ್ಟು ರುಬ್ಬುವುದಿದೆ ಎಂದು ಒಳಗೆ ಹೋದಳು.

ಚಾಮರಾಜಪೇಟೆಯ ಅಂಚಿನ ಆ ಹೊಸ ಬಡಾವಣೆ ಹಿಂದೆ ಸ್ಮಶಾನವಾಗಿತ್ತು. ಅದನ್ನು ಮುಚ್ಚಿ ಅರ್ಧ ಸೈಟು, ಅರ್ಧ ಪಾರ್ಕು ಮಾಡಿದ್ದರು. ಗೋರಿಯ ಚಪ್ಪಡಿಗಳು ಪಾರ್ಕಿನ ಬೆಂಚುಗಳಾದವು. ಹುಣಸೆಮರ, ಬಾವಿ ಮಾತ್ರ ಇದ್ದಲ್ಲೇ ಉಳಿದವು. ಮೊದಲಿದ್ದ ವಠಾರದ ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ಜಗಳವಾಡಿ ಸುಸ್ತಾಗಿದ್ದ ಸರಸ್ವತಮ್ಮ, "ಇಲ್ಲಿ ಮುಂಚೆ ಏನಿತ್ರೀ?" ಎಂದು ಕೇಳಿದಾಗ ರಾಮಾಂಜಿನಪ್ಪ "ಹೂದೋಟ" ಎಂದುಬಿಟ್ಟಿದ್ದ. ಬಡಾವಣೆಯ ಗಂಡಸರೆಲ್ಲ ಸೇರಿ ಮಾಡಿಕೊಂಡಿದ್ದ ಒಪ್ಪಂದ ಅದು. ನಿಜ ತಿಳಿದರೆ ಹೆಂಡತಿ ಪಾತ್ರೆ ಪಡಗ ಕಟ್ಟಿಕೊಂಡು ವಠಾರಕ್ಕೇ ವಾಪಸ್ಸು ಹೊರಡುತ್ತಾಳೆ, ಕಷ್ಟಪಟ್ಟು ಕಟ್ಟಿದ ಮನೆ ಖಾಲಿ ಬೀಳುತ್ತದೆ ಎಂಬುದೊಂದೇ ಅವನ ಚಿಂತೆ. ಅವನಿಗೆ ದೆವ್ವದ ಹೆದರಿಕೆ ಇರಲಿಲ್ಲವೆ? ಬೇಕಾದಷ್ಟಿತ್ತು. ಆದರೆ ಸೈಟು ಅಳೆದವನು, "ನಿಮ್ಮ ಜಾಗದಲ್ಲಿ ಯಾರೂ ಇಲ್ಲ ಸಾರ್, ಬರೀ ಕಾವಲುಗಾರನ ಗುಡಿಸಲಿತ್ತು" ಎಂದಿದ್ದ. ಆ ಮಾತನ್ನು ನಂಬಿಕೊಂಡು ರಾಮಾಂಜಿನಪ್ಪ ಇಲ್ಲಿಗೆ ಬಂದ ದಿನದಿಂದ ನಿಶ್ಚಿಂತೆಯಾಗಿ ಗೊರಕೆ ಹೊಡೆಯುತ್ತಿದ್ದ.

ಕಾಲಿಗೆ ಅರಿಶಿನ ಮೆತ್ತಿಕೊಂಡು ಜಗಲಿಯಲ್ಲಿ ಕೂತಿದ್ದಾಗ ಗೇಟು ಕಿರುಗುಟ್ಟಿತು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ಒಳಗೆ ಬಂದಳು. ಬುಟ್ಟಿಯಲ್ಲಿ ಹೊಸ ಪಂಚೆ, ಬಾಳೆಎಲೆ, ಒಂದು ಕಟ್ಟು ಬೀಡಿ, ಘಮಘಮಿಸುವ ಕೋಳಿಸಾರು.

"ನಮ್ಮ ಯಜಮಾನ್ರಿಗೆ ಎಡೆ ಇಡಾಕೆ ಬಂದೆ ಕಣಪ್ಪಾ. ಒಳಗೆ..."

ಒಳಗಿದ್ದ ಹೆಂಡತಿಯ ಕಿವಿಗೆ ಬೀಳಬಾರದೆಂದು ರಾಮಾಂಜಿನಪ್ಪ ಮಾತು ಮುಗಿಸಲು ಬಿಡದೆ ಬುಟ್ಟಿ ಕಿತ್ತುಕೊಂಡು ಪಾರ್ಕಿನ ಕಡೆ ಹೊರಟೇಬಿಟ್ಟ. ಕುಂಟುಕಾಲು ಅಷ್ಟು ಬೇಗ ಓಡಬಲ್ಲದೆಂದು ಅವನಿಗೇ ಗೊತ್ತಿರಲಿಲ್ಲ.

"ಏ, ನನ್ನ ಬುಟ್ಟಿ! ಕಳ್ಳ, ಕಳ್ಳ!" ಮುದುಕಿ ಹಿಂದೆಯೇ ಓಡಿದಳು.

ಪಾರ್ಕಿನ ಬೆಂಚಿನ ಮೇಲೆ ಪಕ್ಕದ ಮನೆಯ ನಂಜುಂಡಯ್ಯ ಪೇಪರ್ ಓದುತ್ತಿದ್ದರು. ಕೇಳದೆಯೇ ಸಲಹೆ ಕೊಡುವುದರಲ್ಲಿ ನಿಸ್ಸೀಮರು. ರಾಮಾಂಜಿನಪ್ಪ ಏದುಸಿರು ಬಿಡುತ್ತ, "ಸ್ವಲ್ಪ ಏಳಿ ಸಾರ್. ಅಜ್ಜೀ, ಎಲ್ಲಾರ್ನೂ ಇಲ್ಲಿಗೆ ಶಿಫ್ಟ್ ಮಾಡವ್ರೆ. ನಿಮ್ಮ ಯಜಮಾನ್ರು ಈ ಬೆಂಚಿನ ಕೆಳಗಿದಾರೆ" ಎಂದ.

"ಏನಂದೆ? ನಾನೇ ಮಣ್ಣು ಹಾಕಿರೋ ಜಾಗ ನಂಗೊತ್ತಿಲ್ವಾ? ಹುಣಸೆಮರದ ಕಡೆ ತಲೆ, ಬಾವಿ ಕಡೆ ಕಾಲು!"

ನಂಜುಂಡಯ್ಯ ಕನ್ನಡಕ ಏರಿಸಿ ಮರ ನೋಡಿದರು, ಬಾವಿ ನೋಡಿದರು. ಒಪ್ಪಂದವೆಲ್ಲ ಮರೆತು, ಬೀದಿಗೆಲ್ಲ ಕೇಳುವಂತೆ, "ಎರಡರ ಮಧ್ಯೆ ಇರೋದು ನಿಮ್ಮ ಮನೆಯಲ್ರೀ ರಾಮಾಂಜಿನಪ್ಪಾ! ಅದರಲ್ಲೂ ನೀವು ಮಲಗೋ ಕೋಣೆ!" ಎಂದರು.

"ಮೆಲ್ಲಗೆ ಸಾರ್, ನಿಮ್ಮ ದಮ್ಮಯ್ಯ! ನಮ್ಮವಳಿಗೆ ಗೊತ್ತಾದ್ರೆ ನನ್ನ ಸಂಸಾರ ಮುಗೀತು!"

ಅಷ್ಟರಲ್ಲಿ ಸೌಟು ಹಿಡಿದೇ ಸರಸ್ವತಮ್ಮ ಬಂದಳು. ರಾಮಾಂಜಿನಪ್ಪ ಕಣ್ಣು ಮುಚ್ಚಿಕೊಂಡ.

"ಅಯ್ಯೋ ಸಿದ್ದಮ್ಮಜ್ಜೀ, ಬಿಸಿಲಲ್ಲಿ ಯಾಕೆ ನಿಂತಿದೀರ? ಬನ್ನಿ, ವಡೆ ಆರೋಗ್ತಿದೆ."

ರಾಮಾಂಜಿನಪ್ಪ ಕಣ್ಣು ಬಿಟ್ಟ. "ನಿಂಗೆ ಇವ್ರು ಗೊತ್ತಾ?"

"ನಾವಿಲ್ಲಿಗೆ ಬಂದ ಮೊದಲನೇ ಅಮಾವಾಸ್ಯೆಗೆ ಗೇಟ್ ಹಿಡ್ಕೊಂಡು ಅಳ್ತಾ ನಿಂತಿದ್ರು. ಗಂಡನಿಗೆ ಒಂದು ತುತ್ತು ಇಡೋಕೆ ಜಾಗ ಇಲ್ಲ ಅಂತ ಅಳೋರನ್ನ ಬೀದೀಲಿ ಬಿಡಕ್ಕಾಗುತ್ತಾ? ಪ್ರತಿ ವರ್ಷ ನೀವು ಊರಿಗೆ ಹೋದ್ಮೇಲೆ ಬರ್ತಾರೆ. ನೀವು ಸಾಯಂಕಾಲ ಬಂದು ಚಪ್ಪರಿಸ್ಕೊಂಡು ತಿಂತೀರಲ್ಲ ವಡೆ, ಕೋಳಿಸಾರು? ಅದೆಲ್ಲ ಅವರ ಯಜಮಾನ್ರ ಎಡೇದೇ."

ಹೋದ ವರ್ಷ ಮಂಚದ ಕೆಳಗೆ ಬೀಡಿ ಸಿಕ್ಕಿತೆಂದು ಸುಣ್ಣ ಬಳಿಯುವ ಆಂಜಿನಯ್ಯನ ಮೇಲೆ ಕೂಗಾಡಿದ್ದು ರಾಮಾಂಜಿನಪ್ಪನಿಗೆ ನೆನಪಾಯಿತು.

"ನಂಗ್ಯಾಕೆ ಹೇಳ್ಲಿಲ್ಲ?"

"ಜಿರಳೆ ಕಂಡ್ರೆ ಸ್ಟೂಲ್ ಹತ್ತೋರಿಗೆ ಏನ್ ಹೇಳೋದು? ಇಲ್ಲಿ ಹೆಂಗಸರಿಗೆಲ್ಲಾ ಗೊತ್ತು. ನೀವು ಗಂಡಸರು ಹೆದ್ರುಕೊಂಡು ಮನೆ ಬಿಟ್ಬಿಡ್ತೀರ ಅಂತ ಬಾಯಿ ಮುಚ್ಕೊಂಡಿದೀವಿ."

ನಂಜುಂಡಯ್ಯ ಪೇಪರು ಮಡಿಸಿಕೊಂಡು ಮೆಲ್ಲಗೆ ತಮ್ಮ ಮನೆಯ ಕಡೆ ನೋಡಿದರು. ಅವರ ಮುಖ ಬಿಳುಪೇರಿತ್ತು.

"ಸರಸೂ, ವಠಾರಕ್ಕೇ ಹೋಗ್ಬಿಡೋಣ ಕಣೇ!"

"ನೀವು ಹೋಗಿ. ಸ್ವಂತ ನಲ್ಲಿ ಬಿಟ್ಟು ನಾನಂತೂ ಬರಲ್ಲ."

ವಠಾರದಲ್ಲಿ ಒಬ್ಬನೇ ಕೊಡ ಹಿಡಿದು ನಿಂತಂತೆ ಕಲ್ಪಿಸಿಕೊಂಡು ರಾಮಾಂಜಿನಪ್ಪ ಆ ಯೋಚನೆ ಕೈಬಿಟ್ಟ. ಕೋಣೆಯಲ್ಲಿ ಸಿದ್ದಮ್ಮ ಮಂಚ ಸರಿಸಲು ಹೇಳಿ, ಎಲೆ ಹಾಸಿ, ಎಲ್ಲ ಬಡಿಸಿ, ಬೀಡಿ ಇಟ್ಟು ಕೈಮುಗಿದಳು. ಅವಳ ಕಣ್ಣಲ್ಲಿ ನೀರು ನೋಡಿ ಅವನಿಗೂ ಕರುಳು ಚುರುಕ್ಕೆಂದಿತು. ಆದರೆ ಕರುಳು ಬೇರೆ, ನಿದ್ದೆ ಬೇರೆ. ಊಟ ಮುಗಿದದ್ದೇ ಮಂಚವನ್ನು ದರದರನೆ ಹೊರಗೆಳೆಯತೊಡಗಿದ.

"ಎಲ್ಲಿಗ್ರೀ?"

"ಇವತ್ತಿಂದ ನಾನು ಜಗಲೀಲಿ ಮಲಗ್ತೀನಿ."

ಎಲೆ ಅಡಿಕೆ ಜಗಿಯುತ್ತಿದ್ದ ಸಿದ್ದಮ್ಮ ತಲೆಯೆತ್ತಿದಳು. "ಅಲ್ಲಿ ಬ್ಯಾಡ ಕಣಪ್ಪಾ. ನಮ್ಮ ಯಜಮಾನ್ರು ಸಾಧು, ಯಾರ ತಂಟೆಗೂ ಬರಲ್ಲ. ಜಗಲಿ ಕೆಳಗಿರೋದು ನಮ್ಮತ್ತೆ."

ಮಂಚ ಬಾಗಿಲಲ್ಲೇ ನಿಂತಿತು.

"ಆಯಮ್ಮಂಗೆ ಗೊರಕೆ ಹೊಡೆಯೋರನ್ನ ಕಂಡ್ರೆ ಆಗ್ತಿರ್ಲಿಲ್ಲ."