ಒಡಕು ನಟ್ಟು ಬೇಡವೆಂದೆ

ಬಿ.ಎಸ್ಸಿ. ಪಾಸಾದವನಿಗೆ ಸ್ಕೂಟರಿನ ಒಂದು ನಟ್ಟು ಆರಿಸಲು ಬಾರದೆ? ಆಗಿನ್ನೂ ಡಿಗ್ರಿಯ ಕಾಗದ ಬೆಚ್ಚಗಿತ್ತು. ನನಗೆ ಯಾವ ಅನುಮಾನವೂ ಇರಲಿಲ್ಲ.

ಅಣ್ಣ ಮುಳಗುಂದದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಬೆಟಗೇರಿಯ ಮನೆಯಿಂದ ದಿನವೂ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದ. ಕೈವಾರ ಮುಟ್ಟದೆ, ಕರಿಹಲಗೆಯ ಮೇಲೆ ಒಂದೇ ಎಳೆತಕ್ಕೆ ದುಂಡನೆಯ ವೃತ್ತ ಬರೆಯುತ್ತಾನೆಂದು ಅವನಿಗೆ ಹೆಸರಿತ್ತು. ಒಂದು ದಿನ ಹಿಂದಿನ ಗಾಲಿ ಅಲ್ಲಾಡತೊಡಗಿತು.

ಮೆಕ್ಯಾನಿಕ್ ಇಮಾಮಸಾಬರು ಮನೆಗೆ ಬಂದು ಗಾಲಿ ಬಿಚ್ಚಿ ನೋಡಿದರು. "ಬ್ರೇಕಿನ ಡ್ರಮ್ಮೂ ಹೋಗೇತಿ, ನಟ್ಟೂ ಹೋಗೇತಿ. ಹಳೇವು ತೊಗೊಂಡು ಹೋಗ್ರಿ ಸರ, ಜೋಡಿ ಹಚ್ಚಿ ನೋಡಿ ತರ್ರಿ. ನಾ ಶಿರಹಟ್ಟಿಗೆ ಮದುವಿಗೆ ಹೊಂಟೀನಿ, ನಾಡದು ಬಂದು ಕೂಡಸ್ತೀನಿ" ಎಂದು ಹಳೆಯ ಸಾಮಾನನ್ನು ಚಿಂದಿಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು.

ಎಣ್ಣೆ ಸೋರುವ ಗಂಟು, ನನ್ನದು ಇಸ್ತ್ರಿಯ ಪ್ಯಾಂಟು! ಗಂಟನ್ನು ಕಟ್ಟೆಯ ಮೇಲೇ ಬಿಟ್ಟೆ. ಎಲ್ಲವನ್ನೂ ಅಳೆದು ಗ್ರಾಫ್ ಕಾಗದದ ಮೇಲೆ ನಕ್ಷೆ ಬರೆದುಕೊಂಡೆ. ಹಳೆಯ ನಟ್ಟಿನ ಅಂಚಿನಲ್ಲಿ ಕಚ್ಚುಗಳಿದ್ದವು. ಸವೆದು ಒಡೆದಿದೆ ಎಂದು ನಿರ್ಣಯಿಸಿ, ನಕ್ಷೆಯಲ್ಲಿ ಅಂಚನ್ನು ನುಣುಪಾಗಿ ತಿದ್ದಿದೆ!

ಗದಗಿನ ಅಂಗಡಿಯಲ್ಲಿ ಡ್ರಮ್ಮುಗಳನ್ನು, ಲಕ್ಷ್ಮೇಶ್ವರದ ಸಂತೆಯಲ್ಲಿ ಅವ್ವ ಗಡಿಗೆ ಆರಿಸುವ ಹಾಗೆ, ಒಂದೊಂದಾಗಿ ಬೆರಳಿನಿಂದ ಬಾರಿಸಿ ಕಿವಿಗೊಟ್ಟೆ. ಒಂದರ ನಾದ ಬಹಳ ಚೆನ್ನಾಗಿತ್ತು. ಅದನ್ನೇ ಕೊಂಡೆ. ಆಮೇಲೆ ಅಂಗಡಿಯವರು ನಟ್ಟು ತೆಗೆದಿಟ್ಟರು.

"ಇದರ ಅಂಚು ಒಡದೈತಲ್ರಿ! ಚಲೋದು ಕೊಡ್ರಿ."

"ಅದು ಹಂಗ ಇರತೈತ್ರಿ..."

"ನಾ ಬಿ.ಎಸ್ಸಿ. ಮಾಡೀನ್ರಿ!"

ಅವರು ಒಮ್ಮೆ ನನ್ನ ಮುಖ ನೋಡಿ, ಕಚ್ಚಿಲ್ಲದ, ಮಿರಿಮಿರಿ ಮಿಂಚುವ ನಟ್ಟು ಕೊಟ್ಟರು.

ಮರುದಿನ ಶಾಲೆಯಲ್ಲಿ ಪರೀಕ್ಷೆ. ಅಣ್ಣನ ಹೆಂಡತಿ, ನಮ್ಮ ವೈನಿ, ಅವನಿಗೆ "ಇಮಾಮಸಾಬ್ರು ಬರೋತನಕಾ ಬಸ್ಸಿಗೆ ಹೋಗ್ರಲ್ಲ" ಎಂದರು. ನಾನು ಕೇಳಲಿಲ್ಲ. ಬೆಳಿಗ್ಗೆ ನಾನೇ ಗಾಲಿ ಕೂಡಿಸಿದೆ. ಕೊನೆಗೆ ಎರಡು ಕಾಲಿನ ಒಂದು ಸಣ್ಣ ಪಿನ್ನು ಉಳಿಯಿತು.

"ಇದೆಲ್ಲಿ ಹೋಗಬೇಕೋ?" ಅಣ್ಣ ಕೇಳಿದ.

"ಹಳೇ ನಟ್ಟಿಂದು ಅದು. ಹೊಸಾದಕ್ಕ ಬೇಕಾಗಂಗಿಲ್ಲ. ವೈನಿ, ನೀವು ತಲೀಗೆ ಹಾಕ್ಕೊಳ್ರಿ!"

ವೈನಿ ನಕ್ಕು, ಅದನ್ನು ಒರೆಸಿ ತುರುಬಿಗೆ ಸಿಕ್ಕಿಸಿಕೊಂಡರು. "ನೀ ಹೇಳಿದ್ರ ಆತು ಬಿಡು" ಎಂದು ಅಣ್ಣ ಗಾಡಿ ಹತ್ತಿದ.

ಅವನ ಮಗಳು, ನಾಲ್ಕು ವರ್ಷದ ಶಾಂತಿ, ದಿನವೂ ಸ್ಕೂಟರಿನ ಮುಂದೆ ನಿಂತು ಊರಂಚಿನವರೆಗೆ ಹೋಗುವುದು, ನಾನು ಸೈಕಲ್ಲಿನಲ್ಲಿ ಹಿಂದೆ ಹೋಗಿ ಕರೆತರುವುದು ರೂಢಿ. ಅಂದು ಅವಳು ನನ್ನ ಸೈಕಲ್ಲೇ ಬೇಕೆಂದು ಹಟ ಹಿಡಿದಳು. ಯಾಕೆ ಹಿಡಿದಳೋ!

ಮುಳಗುಂದದ ರಸ್ತೆಯಲ್ಲಿ ಅವಳು ಚಪ್ಪಾಳೆ ತಟ್ಟಿದಳು.

"ಕಾಕಾ, ಅಪ್ಪನ ಗಾಲಿ ಅಪ್ಪಗಿಂತ ಮುಂದ ಹೊಂಟೈತಿ!"

"ಗಾಲಿ ಗಾಡೀಗೆ ಇರತೈತವಾ, ಅದೆಂಗ ಮುಂದ ಹೋಗತೈತಿ?" ಎಂದು ನಾನು ಶಾಸ್ತ್ರೋಕ್ತವಾಗಿ ವಿವರಿಸತೊಡಗಿದೆ.

ಹೋಗಿತ್ತು!

ಎದುರಿನಿಂದ ಹತ್ತಿ ತುಂಬಿದ ಲಾರಿ. ಸ್ಕೂಟರು ರಸ್ತೆ ಕೆರೆಯುತ್ತ ಅದರ ಕಡೆಗೇ ಜಾರಿತು. ಲಾರಿಯ ಗಾಲಿ ಅಣ್ಣನ ತಲೆಯಿಂದ ಒಂದು ಗೇಣು ಆಚೆ ಹಾದುಹೋಯಿತು. ನಾನು ಶಾಂತಿಯ ಕಣ್ಣು ಮುಚ್ಚಿದೆ. ನನ್ನ ಕಣ್ಣು ಮುಚ್ಚುವವರು ಯಾರೂ ಇರಲಿಲ್ಲ.

ಧೂಳು ಇಳಿದಾಗ ಅಣ್ಣ ಎರೆಮಣ್ಣಿನಲ್ಲಿ ಕುಳಿತಿದ್ದ. ಬಲಗೈ ವಿಚಿತ್ರವಾಗಿ ಮಡಚಿಕೊಂಡಿತ್ತು. "ಶಾಂತಿ ನಿನ್ನ ಕಡೆ ಅದಾಳಲ್ಲ?" ಎಂದ. ಮೊದಲ ಮಾತು ಅದೇ.

ಮನೆಗೆ ಬಂದ ಮೇಲೆ ವೈನಿಗೆ ಅಣ್ಣ, "ನಾಯಿ ಅಡ್ಡ ಬಂತು" ಎಂದ.

"ನಾಯಿ ಬಂದಿದ್ದಿಲ್ಲವ್ವಾ, ಗಾಲಿ ಹೋತು" ಎಂದಳು ಶಾಂತಿ.

ವೈನಿ ತುರುಬಿನಿಂದ ಪಿನ್ನು ತೆಗೆದು ನನ್ನ ಮುಂದಿಟ್ಟು ಒಳಗೆ ಹೋದರು.

ಶಿರಹಟ್ಟಿಯಿಂದ ಬಂದ ಇಮಾಮಸಾಬರು ಹಳೆಯ ನಟ್ಟನ್ನು ಅಂಗೈಯಲ್ಲಿಟ್ಟು ತೋರಿಸಿದರು. "ಇದು ಒಡದಿಲ್ಲ ಸರ. ಪಿನ್ನು ಕುಂಡ್ರಾಕ ಅಂತ ಮಾಡಿದ ಕಚ್ಚಿವು. ಪಿನ್ನಿದ್ರ ನಟ್ಟು ತಿರಗಂಗಿಲ್ಲ ನೋಡ್ರಿ." ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಅಣ್ಣನ ಮಣಿಕಟ್ಟು ಸೊಟ್ಟಗೇ ಕೂಡಿತು. ಅವನ ವೃತ್ತ ನೋಡಿ ಹುಡುಗರು "ಕೋಳಿ ತತ್ತಿ, ಕೋಳಿ ತತ್ತಿ" ಎಂದು ನಕ್ಕರಂತೆ. "ಗಣಿತದಾಗ ಇದಕ್ಕೂ ಹೆಸರೈತ್ರಪಾ, ದೀರ್ಘವೃತ್ತ" ಎಂದು ಅದನ್ನೇ ಪಾಠ ಮಾಡಿದೆನೆಂದು ಅಣ್ಣ ಮನೆಯಲ್ಲಿ ನಗುತ್ತ ಹೇಳಿದ. ನಾನು ಎದ್ದು ಹಿತ್ತಲಿಗೆ ಹೋದೆ.

ಆ ಕೈಯಲ್ಲಿ ಸ್ಕೂಟರು ಹಿಡಿಯಲಾಗದೆ ಅಣ್ಣ ಬಸ್ಸು ಹಿಡಿದ. ದಿನವೂ ಅವನನ್ನು ಬಸ್ಸಿಗೆ ಹತ್ತಿಸಿ, ನಾನು ಬಗ್ಗಿ ಅದರ ಹಿಂದಿನ ಗಾಲಿಯ ನಟ್ಟುಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಒಂದು ದಿನ ಕಂಡಕ್ಟರನಿಗೆ ತಡೆಯಲಾಗಲಿಲ್ಲ.

"ದಿನಾ ಏನ್ ನೋಡ್ತಾರ್ರೀ ಅವರು?"

ಕಿಟಕಿಯಿಂದ ಅಣ್ಣನ ದನಿ ಕೇಳಿಸಿತು: "ನೋಡ್ಲಿ ಬಿಡ್ರಿ. ಅವ ಬಿ.ಎಸ್ಸಿ. ಮಾಡ್ಯಾನ."