ಬಳ್ಳಾರಿ ಮಿಷನ್ನು, ಕುರುಗೋಡಿನ ಕತ್ತರಿ

ಟೈಪ್ ಮಾಡಿದ ಕಾಗದ ಊರು ಬಿಟ್ಟರೆ ರೂಪ ಬದಲಿಸುತ್ತದೆ. ಇಂಥದ್ದು ನನ್ನ ಕಣ್ಣೆದುರೇ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯ ಒಂದು ಕಚೇರಿಯಲ್ಲಿ ಹಂಗಾಮಿ ಟೈಪಿಸ್ಟ್. ನನ್ನ ಕೈ ತಪ್ಪುವುದಿಲ್ಲ ಎಂಬ ಜಂಬ ಆಗಲೂ ಇತ್ತು, ಈಗಲೂ ಇದೆ. ಆದರೆ ಹೆಡ್ ಕ್ಲಾರ್ಕರು ಮೊದಲ ದಿನವೇ ಹೇಳಿದ್ದರು: "ತಮ್ಮಾ, ನಿನ್ನ ಮ್ಯಾಲೆ ಮೂರು ದೂರು ಬಂದ್ವಂದ್ರ ನೌಕರಿ ಖಾಯಂ ಆಗೋ ಮಾತು ಮರ್ತುಬಿಡು."

ಒಂಟಿ ಸಹಿ

ನನ್ನ ಮಿಷನ್ನಿನಲ್ಲಿ ಒಂದೇ ಹಾಳೆಗೆ ಅಚ್ಚುಕಟ್ಟಾಗಿ ಕೂತಿದ್ದ ಪತ್ರವನ್ನು ಸಿರುಗುಪ್ಪದ ಕಚೇರಿಯವರು ತಮ್ಮ ಮಿಷನ್ನಿನಲ್ಲಿ ಮತ್ತೆ ಟೈಪ್ ಮಾಡಿದರು. ಅಲ್ಲಿಯ ಅಕ್ಷರ ದಪ್ಪ. ಹಾಳೆ ತುಂಬಿಹೋಗಿ, ಸಹಿಯ ಜಾಗವೊಂದೇ ಎರಡನೇ ಹಾಳೆಗೆ ಬಿತ್ತು. ಸಹಿ ತರಲು ನಾನೇ ಹೋಗಿದ್ದೆ. ಅಲ್ಲಿಯ ಸಾಹೇಬರು ಆ ಬರಿ ಹಾಳೆ ನೋಡಿ ಕನ್ನಡಕ ತೆಗೆದರು.

"ಖಾಲಿ ಹಾಳಿಗೆ ಸೈ ಹಾಕಂತೀಯಲ್ಲೋ, ನಾಳೆ ಇದರ ಮ್ಯಾಲೆ ನನ್ನ ಮನಿ ಬರಕೊಂಡ್ರ?"

"ಬ್ಯಾಡ್ರಿ ಸಾಹೇಬ್ರ, ನಿಮ್ಮ ಮನಿ ಸೋರತೈತಂತ ಈಗಷ್ಟೇ ನಿಮ್ಮ ಜವಾನ ಹೇಳಿದ" ಎಂದೆ.

ಸಹಿ ಸಿಕ್ಕಿತು. ಜೊತೆಗೆ ಮೊದಲ ದೂರೂ ಸಿಕ್ಕಿತು.

ಬೆರಳಗಲದ ಊಟ

ಬಳ್ಳಾರಿಯಲ್ಲಿ ಒಂದು ಮೀಟಿಂಗು. ನೋಟಿಸಿನ ಸ್ಟೆನ್ಸಿಲ್ ನಾನು ಟೈಪ್ ಮಾಡಿದೆ. ಅದರಿಂದ ಪ್ರತಿಗಳನ್ನು ಸಿರುಗುಪ್ಪದವರು ತಮ್ಮಲ್ಲೇ ಅಚ್ಚು ಹಾಕಿಕೊಂಡರು. ಅವರ ಹಾಳೆ ನಮ್ಮದಕ್ಕಿಂತ ಬೆರಳಗಲ ಗಿಡ್ಡ. "ಮಧ್ಯಾಹ್ನದ ಊಟದ ವ್ಯವಸ್ಥೆಯನ್ನು" ಎಂಬಲ್ಲಿಗೆ ಹಾಳೆ ಮುಗಿಯಿತು. "ತಾವೇ ಮಾಡಿಕೊಂಡು ಬರತಕ್ಕದ್ದು" ಎಂಬ ಕೊನೆಯ ಸಾಲು ಅಚ್ಚಾಗಲೇ ಇಲ್ಲ. ಸಿರುಗುಪ್ಪದ ಮಂದಿ ಕೈ ಬೀಸಿಕೊಂಡು ಬಂದರು. ಹೆಡ್ ಕ್ಲಾರ್ಕರು ಹಲ್ಲು ಕಡಿಯುತ್ತ ಎಲ್ಲರಿಗೂ ಮಂಡಕ್ಕಿ ವಗ್ಗಾಣಿ, ಮಿರ್ಚಿ ತರಿಸಿ, ನನ್ನ ಹೆಸರಿಗೆ ಎರಡನೇ ದೂರು ಬರೆದರು. ತಿಂದು ಕೈ ತೊಳೆದ ಹಿರಿಯ ಗುಮಾಸ್ತರೊಬ್ಬರು ಅವರನ್ನೇ ಕೇಳಿದರು: "ಇದು ನಾಷ್ಟಾ ಆತ್ರಿ. ನೋಟಿಸಿನಾಗಿನ ಊಟ ಯಾವಾಗ?"

ಮೇಲೇರಿದ ಷರಾ

ಆ ವರ್ಷ ಹಂಗಾಮಿ ನೌಕರರಲ್ಲಿ ಯಾರನ್ನು ಖಾಯಂ ಮಾಡಬಹುದೆಂಬ ಪಟ್ಟಿಯನ್ನು ನಾನೇ ಟೈಪ್ ಮಾಡಿದೆ. ಕೊನೆಯ ಕಾಲಮ್ಮು ಷರಾ, ಅಂದರೆ ಒಬ್ಬೊಬ್ಬರ ಬಗ್ಗೆ ಕಚೇರಿಯ ಮಾತು. ಕೊನೆಯಿಂದ ಎರಡನೆಯ ಹೆಸರು ನನ್ನದು, ಷರಾ "ಅರ್ಹರು". ನನ್ನ ಕೆಳಗೆ, ಹಿಂದಿನ ತಿಂಗಳು ತೀರಿಕೊಂಡ ಡ್ರೈವರನ ಹೆಸರು, ಷರಾ "ಮೃತರು". ನಮ್ಮ ದೊಡ್ಡ ಸಾಹೇಬರು ಕುರುಗೋಡಿನಲ್ಲಿ ಕ್ಯಾಂಪ್ ಹಾಕಿದ್ದರಿಂದ ಪಟ್ಟಿ ಅಲ್ಲಿಗೆ ಹೋಯಿತು, ಅಲ್ಲೇ ಅದರ ಫೇರ್ ಕಾಪಿಯೂ ಆಯಿತು. ಕುರುಗೋಡಿನ ಮಿಷನ್ನಿಗೆ ಅಗಲ ಕಡಿಮೆ. ಷರಾ ಕಾಲಮ್ಮು ಹಿಡಿಯಲಿಲ್ಲ. ಅಲ್ಲಿಯ ಟೈಪಿಸ್ಟ್ ಭಾರಿ ಜಾಣ. ನನ್ನ ಪಟ್ಟಿಯಿಂದ ಷರಾ ಕಾಲಮ್ಮನ್ನೇ ಕತ್ತರಿಸಿ, ಗೋಂದು ಹಚ್ಚಿ ತನ್ನದಕ್ಕೆ ಅಂಟಿಸಿದ. ಅವನ ಸಾಲುಗಳ ನಡುವೆ ಅಂತರ ಹೆಚ್ಚು, ನನ್ನದರಲ್ಲಿ ಕಡಿಮೆ. ಕೆಳಗಿಳಿಯುವ ಹೊತ್ತಿಗೆ ಷರಾ ಒಂದು ಸಾಲು ಮೇಲೇರಿ, "ಮೃತರು" ಎಂಬುದು ನನ್ನ ಹೆಸರಿನ ಮುಂದೆ ಕೂತಿತ್ತು.

ಸಾಹೇಬರ ಜೊತೆ ಪಟ್ಟಿ ಬಳ್ಳಾರಿಗೆ ಮರಳಿದಾಗ ಅದನ್ನು ನೋಡಿದೆ. ಸಾಹೇಬರ ಕೋಣೆಗೆ ಓಡಿದೆ. "ಸಾಹೇಬ್ರ, ನಾ ಜೀವಂತ ಅದೀನ್ರಿ! ಮಿಷನ್ ಬ್ಯಾರೆ ಆದ್ರ ಸಾಲೂ ಬ್ಯಾರೆ ಆಗತಾವ" ಎಂದು ಸ್ಕೇಲು ಹಿಡಿದು ತೋರಿಸಿದೆ.

ಅವರು ತಲೆಯಾಡಿಸುವಷ್ಟರಲ್ಲಿ ಹೆಡ್ ಕ್ಲಾರ್ಕರು ಬಾಯಿ ಹಾಕಿದರು: "ಅಂದ್ರ ಇದು ಮೂರನೇ ದೂರು. ಇವನ್ನ ಖಾಯಂ ಮಾಡಾಕ ಬರಂಗಿಲ್ರಿ."

ನಾನು ಪಟ್ಟಿಯನ್ನು ಅವರ ಮುಖದ ಮುಂದೆ ಹಿಡಿದೆ. "ಬರ್ಕೊಳ್ರಿ. ಆದ್ರ ತೀರಿಕೊಂಡವನ ಮ್ಯಾಲೆ ದೂರು ನಡೆಯಂಗಿಲ್ಲಂತ ನೀವ ಮೊನ್ನೆ ಡ್ರೈವರನ ಫೈಲು ಮುಚ್ಚೀರಲ್ರಿ!"

ಸಾಹೇಬರು ನಗು ತಡೆಯಲಾರದೆ ಪೆನ್ನು ತೆಗೆದರು: "ಮೊದಲ ಇವನ್ನ ಖಾಯಂ ಮಾಡೋಣ. ಆಮ್ಯಾಲೆ ಬದುಕಸೋಣ."